ಗೀಳು ಕಾಯಿಲೆಯಲ್ಲಿ ನೆನಪು ಮತ್ತು ಯೋಚನೆ

ಬೇಡವೆಂದರೂ ಮನಸ್ಸಿಗೆ ಮತ್ತೆ ಮತ್ತೆ ನುಗ್ಗುವ ಯೋಚನೆ ಅಥವಾ ಅಂಜಿಕೆ, ಅದನ್ನು ತಣಿಸಲು ಮಾಡಲೇಬೇಕೆನಿಸುವ ಕೆಲಸ, ಇವೆರಡೂ ಸೇರಿ ದಿನದ ಬಹುಭಾಗವನ್ನು ತಿಂದುಹಾಕುವ ಮನೋರೋಗಕ್ಕೆ ಕನ್ನಡದಲ್ಲಿ ಗೀಳು ಕಾಯಿಲೆ ಎಂಬ ಹೆಸರು ನಿಂತಿದೆ. ವೈದ್ಯರ ಬಾಯಲ್ಲೂ ರೋಗಿಗಳ ಬಾಯಲ್ಲೂ ಓಸಿಡಿ ಎಂಬ ಮೂರಕ್ಷರವೂ ಓಡಾಡುತ್ತದೆ. ಗೀಳು ಎಂಬ ಪದಕ್ಕೆ ಒಂದು ತೊಡಕಿದೆ. ಇಸ್ಪೀಟಿನ ಗೀಳು, ಮೊಬೈಲ್ ಗೀಳು ಎನ್ನುವಾಗ ಅದು ಮನುಷ್ಯ ಇಷ್ಟಪಟ್ಟು ಹಚ್ಚಿಕೊಂಡದ್ದು. ಈ ಕಾಯಿಲೆಯಲ್ಲಿ ಇಷ್ಟವೆಂಬುದೇ ಇಲ್ಲ. ಹಳ್ಳಿಗಳಲ್ಲಿ ಕೇಳುವ ಅನುಮಾನದ ಕಾಯಿಲೆ ಎಂಬ ಮಾತೂ ಸಾಮಾನ್ಯವಾಗಿ ಹೆಂಡತಿಯ ಮೇಲೋ ನೆರೆಯವರ ಮೇಲೋ ಸಂಶಯಪಡುವವರನ್ನು ಕುರಿತದ್ದು. ಇಲ್ಲಿ ಅನುಮಾನ ತಿರುಗುವುದು ತನ್ನ ಮೇಲೆಯೇ: ತನ್ನ ಕೈ, ತನ್ನ ಕಣ್ಣು, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ನೆನಪಿನ ಮೇಲೆ. 19ನೆಯ ಶತಮಾನದ ಫ್ರೆಂಚ್ ವೈದ್ಯರು ಇದನ್ನು ‘ಸಂಶಯದ ಹುಚ್ಚು’ ಎಂದು ಕರೆದಿದ್ದರು. ಹುಚ್ಚು ಎಂಬುದನ್ನು ತೆಗೆದರೆ, ಸಂಶಯ ಎಂದು ಅವರು ಗುರುತಿಸಿದ್ದು ಇಂದಿಗೂ ಸರಿಯಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ವಯಸ್ಕರಲ್ಲಿ ಶೇ. 0.8ರಷ್ಟು ಮಂದಿಗೆ ಈ ಕಾಯಿಲೆ ಇದೆ ಎಂದು ಕಂಡುಕೊಂಡಿತು. ಆ 12ರಲ್ಲಿ ಕರ್ನಾಟಕ ಇರಲಿಲ್ಲ. ಕೋಲಾರದಲ್ಲಿ ಪೂರ್ವಭಾವಿ ಅಧ್ಯಯನ ಮಾತ್ರ ನಡೆದಿತ್ತು. ಆದರೂ ಆ ಲೆಕ್ಕವನ್ನೇ ಹಿಡಿದರೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಊರುಗಳಲ್ಲಿ ಸಾವಿರ ವಯಸ್ಕರಿಗೆ ಎಂಟು ಮಂದಿ ಎಂದಾಯಿತು.

ಈ ಎಂಟು ಮಂದಿಯಲ್ಲಿ ಹಲವರು ವೈದ್ಯರ ಮುಂದೆ ಕೂತಾಗ ಹೇಳುವ ಮೊದಲ ಮಾತು ‘ನನಗೆ ಮರೆವು ಜಾಸ್ತಿ’ ಎಂದು. ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯ ಒಬ್ಬ ಶೇಂಗಾ ರೈತನನ್ನು ಊಹಿಸಿಕೊಳ್ಳೋಣ. ರಾತ್ರಿ ಕರೆಂಟು ಬಂದಾಗ ಹೊಲಕ್ಕೆ ಹೋಗಿ ಬೋರ್‌ವೆಲ್ ಮೋಟಾರು ಹಾಕಿದ್ದಾನೆ, ನೀರು ಹಾಯಿಸಿ ಸ್ಟಾರ್ಟರಿನ ಕೆಂಪು ಗುಂಡಿ ಒತ್ತಿದ್ದಾನೆ, ಮೋಟಾರಿನ ಸದ್ದು ನಿಂತದ್ದನ್ನು ಕೇಳಿಸಿಕೊಂಡಿದ್ದಾನೆ. ನೂರು ಹೆಜ್ಜೆ ಬಂದ ಮೇಲೆ ‘ಆರಿಸಿದೆನೋ ಇಲ್ಲವೋ’ ಎನಿಸುತ್ತದೆ. ವಾಪಸು ಹೋಗಿ ಬ್ಯಾಟರಿ ಬಿಟ್ಟು ನೋಡುತ್ತಾನೆ, ಆರಿದೆ. ಮತ್ತೆ ನೂರು ಹೆಜ್ಜೆ. ಈಗ ನೋಡಿದ್ದು ಸರಿಯಾಗಿ ನೋಡಿದೆನೇ ಎಂಬ ಅನುಮಾನ. ಬೆಳಗಿನ ಜಾವಕ್ಕೆ ಮನೆ ಸೇರುವ ಹೊತ್ತಿಗೆ ಅವನ ಪಾಲಿಗೆ ಒಂದೇ ವಿವರಣೆ ಉಳಿದಿರುತ್ತದೆ: ತನ್ನ ಜ್ಞಾಪಕಶಕ್ತಿ ಕೆಟ್ಟಿದೆ. ಮನೆಯವರೂ ಹಾಗೇ ಅಂದುಕೊಳ್ಳುತ್ತಾರೆ, ಕೆಲವು ವೈದ್ಯರೂ ಹಾಗೇ ಅಂದುಕೊಂಡು ನೆನಪಿನ ಟಾನಿಕ್ ಬರೆದುಕೊಡುತ್ತಾರೆ. ಕಳೆದ ನಲವತ್ತು ವರ್ಷಗಳ ಸಂಶೋಧನೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ವಿವರಣೆ ತಲೆಕೆಳಗು ಎಂಬುದು ಈ ಲೇಖನದ ವಾದ. ನೆನಪು ಹೋದದ್ದರಿಂದ ಅವನು ಮತ್ತೆ ಮತ್ತೆ ನೋಡುತ್ತಿಲ್ಲ. ಮತ್ತೆ ಮತ್ತೆ ನೋಡುತ್ತಿರುವುದರಿಂದಲೇ ತನ್ನ ನೆನಪಿನ ಮೇಲೆ ಅವನಿಗೆ ನಂಬಿಕೆ ಹೋಗಿದೆ.

ಸಂಶೋಧಕರೂ ಮೊದಲು ರೋಗಿಗಳ ಮಾತನ್ನೇ ನಂಬಿ ಹೊರಟರು. 1980ರ ದಶಕದ ಆರಂಭದಲ್ಲಿ ಅಮೆರಿಕದ ಕೆನೆತ್ ಶೆರ್ ಮತ್ತು ಸಂಗಡಿಗರು, ಬಾಗಿಲು, ಒಲೆ, ಬೀಗಗಳನ್ನು ಪದೇಪದೇ ಪರೀಕ್ಷಿಸುವ ಜನರಲ್ಲಿ ತಾವು ಮಾಡಿದ ಕೆಲಸದ ನೆನಪು ಉಳಿದವರಿಗಿಂತ ಕಡಿಮೆ ಎಂದು ವರದಿ ಮಾಡಿದರು. ಒಂದು ಆಕರ್ಷಕವಾದ ಊಹೆ ಹುಟ್ಟಿಕೊಂಡಿತು: ಈ ರೋಗಿಗಳಿಗೆ ನಿಜವಾಗಿ ಮಾಡಿದ ಕೆಲಸಕ್ಕೂ ಮಾಡಿದಂತೆ ಕಲ್ಪಿಸಿಕೊಂಡದ್ದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ ಎಂದು. ಬೀಗ ಹಾಕಿದ್ದು ನೆನಪೋ, ಹಾಕಬೇಕೆಂದುಕೊಂಡದ್ದು ನೆನಪೋ ಗೊತ್ತಾಗದೆ ಅವರು ಹಿಂತಿರುಗುತ್ತಾರೆ ಎಂಬ ತರ್ಕ ಅದು. 1993ರಲ್ಲಿ ರಿಚರ್ಡ್ ಮೆಕ್‌ನ್ಯಾಲಿ ಮತ್ತು ಪೆಟ್ರೀಷಿಯಾ ಕೋಲ್‌ಬೆಕ್ ಇದನ್ನೇ ನೇರವಾಗಿ ಪರೀಕ್ಷಿಸಿದಾಗ ಫಲಿತಾಂಶ ಬೇರೆಯಾಯಿತು. ಮಾಡಿದ್ದನ್ನೂ ಕಲ್ಪಿಸಿಕೊಂಡದ್ದನ್ನೂ ಬೇರೆ ಮಾಡುವುದರಲ್ಲಿ ರೋಗಿಗಳು ಆರೋಗ್ಯವಂತರಿಗಿಂತ ಹಿಂದೆ ಬೀಳಲಿಲ್ಲ. ತಮ್ಮ ಉತ್ತರ ಸರಿಯೆಂಬ ಭರವಸೆಯಲ್ಲಿ ಮಾತ್ರ ಹಿಂದೆ ಬಿದ್ದರು. ಉತ್ತರ ಸರಿ, ನಂಬಿಕೆ ಇಲ್ಲ: ಮುಂದಿನ ಬಹುಪಾಲು ಕೆಲಸಕ್ಕೆ ದಾರಿ ತೋರಿಸಿದ್ದು ಈ ಸಣ್ಣ ವ್ಯತ್ಯಾಸ. 2001ರಲ್ಲಿ ಆ್ಯಡಮ್ ರಾಡೊಮ್‌ಸ್ಕಿ, ಸ್ಟ್ಯಾನ್ಲಿ ರಾಕ್‌ಮನ್ ಮತ್ತು ಡೇವಿಡ್ ಹ್ಯಾಮಂಡ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಹೊಣೆ ತನ್ನದೇ ಎಂಬ ಭಾವನೆ ಹೆಚ್ಚಾದಾಗ ಪರೀಕ್ಷಿಸುವ ಚಾಳಿಯ ರೋಗಿಗಳು ಅಪಾಯಕ್ಕೆ ಸಂಬಂಧಿಸಿದ ವಿವರಗಳನ್ನು ಚೆನ್ನಾಗಿಯೇ ನೆನಪಿಟ್ಟುಕೊಂಡಿದ್ದರು, ಆದರೆ ಆ ನೆನಪಿನ ಮೇಲಿನ ಭರವಸೆ ಅದೇ ಹೊತ್ತಿನಲ್ಲಿ ಕುಸಿದಿತ್ತು.

ನಿರ್ಣಾಯಕ ಪ್ರಯೋಗ ಬಂದದ್ದು ನೆದರ್‌ಲ್ಯಾಂಡ್ಸ್‌ನಿಂದ, 2003ರಲ್ಲಿ. ಮಾರ್ಸೆಲ್ ವಾನ್ ಡೆನ್ ಹೌಟ್ ಮತ್ತು ಮೆರೆಲ್ ಕಿಂಟ್ ತೆಗೆದುಕೊಂಡದ್ದು ರೋಗಿಗಳನ್ನಲ್ಲ, ಆರೋಗ್ಯವಂತ ವಿದ್ಯಾರ್ಥಿಗಳನ್ನು. ಈ ಆಯ್ಕೆಯಲ್ಲೇ ಪ್ರಯೋಗದ ಜಾಣತನವಿದೆ. ಕಂಪ್ಯೂಟರ್ ಪರದೆಯ ಮೇಲೆ ಒಂದು ಗ್ಯಾಸ್ ಒಲೆ. ಅದರ ಗುಬುಟುಗಳನ್ನು ತಿರುಗಿಸಿ ಹಚ್ಚಬೇಕು, ಆರಿಸಬೇಕು, ಆರಿದೆಯೇ ಎಂದು ನೋಡಬೇಕು. ಒಂದು ಗುಂಪು ಇದನ್ನೇ 20 ಸಲ ಮಾಡಿತು. ಇನ್ನೊಂದು ಗುಂಪು ನಡುವಿನ ಸುತ್ತುಗಳಲ್ಲಿ ಒಲೆಯ ಬದಲು ಬಲ್ಬುಗಳನ್ನು ಪರೀಕ್ಷಿಸಿತು. ಕೊನೆಯಲ್ಲಿ ಇಬ್ಬರಿಗೂ ಒಲೆಯ ಕೊನೆಯ ಸುತ್ತಿನ ಬಗ್ಗೆ ಕೇಳಿದರು: ಯಾವ ಗುಬುಟುಗಳನ್ನು ಆರಿಸಿದಿರಿ? ಉತ್ತರದ ನಿಖರತೆಯಲ್ಲಿ ಎರಡೂ ಗುಂಪುಗಳಿಗೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಆದರೆ ಒಲೆಯನ್ನೇ ನೋಡುತ್ತಾ ಬಂದವರಿಗೆ ನೆನಪು ಮಸುಕಾಗಿತ್ತು, ವಿವರ ಕಳೆದುಕೊಂಡಿತ್ತು, ತಮ್ಮ ಉತ್ತರದ ಮೇಲೆ ತಮಗೇ ಭರವಸೆ ಇರಲಿಲ್ಲ. ಅಂದರೆ ಯಾವ ಕಾಯಿಲೆಯೂ ಇಲ್ಲದ ಮನಸ್ಸಿನಲ್ಲಿ, ಪರೀಕ್ಷಿಸುವ ಕೆಲಸ ಒಂದರಿಂದಲೇ, ಗೀಳು ರೋಗಿಯ ದೂರು ಹುಟ್ಟಿಕೊಂಡಿತು. ಪರದೆಯ ಒಲೆ ಆಟದ ಒಲೆ ಎಂದು ಆಕ್ಷೇಪಿಸಬಹುದಿತ್ತು. ರಾಡೊಮ್‌ಸ್ಕಿ ಮತ್ತು ಸಂಗಡಿಗರು 2006ರಲ್ಲಿ ನಿಜವಾದ ಅಡುಗೆಮನೆಯ ನಿಜವಾದ ಒಲೆಯ ಮುಂದೆ ಜನರನ್ನು ನಿಲ್ಲಿಸಿದಾಗಲೂ ಭರವಸೆ ಹಾಗೆಯೇ ಕುಸಿಯಿತು. ಇದು ಇಪ್ಪತ್ತನೆಯ ಸಲಕ್ಕೆ ಕಾಯುವುದೂ ಇಲ್ಲ. ಅದೇ ವರ್ಷ ಮೆರೆಡಿತ್ ಕೋಲ್ಸ್ ಮತ್ತು ಸಹೋದ್ಯೋಗಿಗಳು ನೋಡಿದಂತೆ ಎರಡನೆಯ ಮತ್ತು ಹತ್ತನೆಯ ಪರೀಕ್ಷೆಯ ನಡುವೆಯೇ ಸವೆತ ಶುರುವಾಗುತ್ತದೆ.

ಹೀಗೇಕಾಗುತ್ತದೆ ಎಂಬುದನ್ನು ತಿಳಿಯಲು ಅಂಗಳದ ಮಣ್ಣನ್ನು ನೆನೆಸಿಕೊಂಡರೆ ಸಾಕು. ಬೆಳಿಗ್ಗೆ ಗುಡಿಸಿದ ಅಂಗಳದಲ್ಲಿ ಒಬ್ಬರು ಒಮ್ಮೆ ನಡೆದರೆ ಹೆಜ್ಜೆಯ ಗುರುತು ಬೆರಳಿನ ಸಮೇತ ಕಾಣುತ್ತದೆ. ಇಪ್ಪತ್ತು ಸಲ ಓಡಾಡಿದರೆ ಯಾರೋ ನಡೆದಿದ್ದಾರೆಂದು ಗೊತ್ತಾಗುತ್ತದೆ, ಕೊನೆಯ ಹೆಜ್ಜೆ ಯಾವುದೆಂದು ಬೇರೆ ಮಾಡಲಾಗದು. ಒಂದೇ ಬೀಗವನ್ನು ಇಪ್ಪತ್ತು ಸಲ ಜಗ್ಗಿದವನಿಗೆ ‘ಬೀಗ ಬಿದ್ದಿದೆ’ ಎಂಬ ತಿಳಿವಳಿಕೆ ಇರುತ್ತದೆ, ಆದರೆ ಕೊನೆಯ ಸಲ ಕೈಗೆ ತಣ್ಣಗೆ ತಾಗಿದ ಚಿಲಕ, ಕಿವಿಗೆ ಬಿದ್ದ ಟಕ್ ಸದ್ದು ಇರುವುದಿಲ್ಲ. ನಾವೆಲ್ಲ ನೆನಪನ್ನು ನಂಬುವುದು ಆ ತಣ್ಣನೆ ಮತ್ತು ಆ ಸದ್ದಿನ ಆಧಾರದ ಮೇಲೆ. ಅವು ಇಲ್ಲದ ತಿಳಿವಳಿಕೆ ಬೇರೆಯವರು ಹೇಳಿದ ಸುದ್ದಿಯಂತಿರುತ್ತದೆ. ಅದಕ್ಕೇ ರೋಗಿ ‘ಹಾಕಿದ್ದೀನಿ ಅಂತ ಗೊತ್ತು, ಆದ್ರೂ ಸಮಾಧಾನ ಇಲ್ಲ’ ಎನ್ನುವುದು, ಮತ್ತು ಆ ಮಾತು ಅಕ್ಷರಶಃ ನಿಜ.

ಇದಕ್ಕೆ ಗಟ್ಟಿಯಾದ ಆಕ್ಷೇಪವಿದೆ. ನೆನಪು ಸರಿಯಿದ್ದರೆ ಆಸ್ಪತ್ರೆಯ ಪರೀಕ್ಷೆಗಳಲ್ಲಿ ಈ ರೋಗಿಗಳಿಗೆ ಅಂಕ ಕಡಿಮೆ ಬರುವುದೇಕೆ? ಬರುವುದು ನಿಜ. ರೇ ಎಂಬುವರ ಹೆಸರಿನ ಒಂದು ಜಟಿಲ ರೇಖಾಚಿತ್ರವಿದೆ: ದೊಡ್ಡ ಆಯತ, ಅದರೊಳಗೆ ಅಡ್ಡ, ಉದ್ದ, ಮೂಲೆಗೆರೆಗಳು, ಸುತ್ತಲೂ ಸಣ್ಣಪುಟ್ಟ ಆಕೃತಿಗಳು. ಅದನ್ನು ನೋಡಿ ಬರೆಯಬೇಕು, ಸ್ವಲ್ಪ ಹೊತ್ತಾದ ಮೇಲೆ ನೋಡದೆ ಬರೆಯಬೇಕು. ಗೀಳು ರೋಗಿಗಳು ಎರಡನೆಯದರಲ್ಲಿ ಹಿಂದುಳಿಯುತ್ತಾರೆ. ಆದರೆ 1999ರಲ್ಲಿ ಕ್ಯಾರಿ ಸ್ಯಾವೇಜ್ ಮತ್ತು ಸಂಗಡಿಗರು ಅವರು ಮೊದಲ ಸಲ ಬರೆದ ರೀತಿಯನ್ನೇ ಗಮನಿಸಿದರು. ಆರೋಗ್ಯವಂತರು ಹೆಚ್ಚಾಗಿ ಆಯತದಿಂದ ಶುರುಮಾಡಿ ಒಳಗೆ ಹೋಗುತ್ತಿದ್ದರು. ರೋಗಿಗಳು ಬಿಡಿಬಿಡಿ ಭಾಗಗಳನ್ನು ಹಿಡಿದು ಹೊರಡುತ್ತಿದ್ದರು. ಆ ಜೋಡಣೆಯ ಕೊರತೆಯನ್ನು ಲೆಕ್ಕಕ್ಕೆ ಹಿಡಿದಾಗ ನೆನಪಿನ ಕೊರತೆಗೆ ಬಹುಮಟ್ಟಿಗೆ ಕಾರಣ ಸಿಕ್ಕಿತು. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವವರು ಅಂಚಿನ ವಿನ್ಯಾಸವನ್ನು ಎಳೆ ಎಳೆಯಾಗಿ ನೆನಪಿಡುವುದಿಲ್ಲ. ಇಡೀ ವಿನ್ಯಾಸ ಒಂದು ಆಕಾರವಾಗಿ ಮನಸ್ಸಿನಲ್ಲಿರುತ್ತದೆ, ಎಳೆಗಳು ಅದರ ಹಿಂದೆ ತಾವಾಗಿ ಬರುತ್ತವೆ. ಎಳೆಗಳನ್ನೇ ಒಂದೊಂದಾಗಿ ಎಣಿಸಲು ಹೊರಟರೆ ಎಷ್ಟು ಒಳ್ಳೆಯ ಜ್ಞಾಪಕಶಕ್ತಿಯೂ ಸೋಲುತ್ತದೆ. ಗೀಳು ರೋಗಿಯದು ಎಳೆಗಳಿಗೆ ಸಿಕ್ಕಿಬಿದ್ದ ಗಮನ. ಉಗ್ರಾಣ ಸರಿಯಿದೆ, ಒಳಗೆ ಹಾಕುವಾಗ ಕಟ್ಟಿ ಜೋಡಿಸುವ ಕೆಲಸ ಕುಂಟುತ್ತಿದೆ.

ಕೊರತೆಯ ಪ್ರಮಾಣವನ್ನೂ ನೋಡಬೇಕು, ಏಕೆಂದರೆ ‘ಮೆದುಳಿನ ತೊಂದರೆ’ ಎಂಬ ಮಾತು ಕೇಳಿದ ಕೂಡಲೇ ಮನೆಯವರ ಎದೆ ಒಡೆಯುತ್ತದೆ. ಅಮಿತಾಯ್ ಅಬ್ರಮೊವಿಚ್ ಮತ್ತು ಸಹೋದ್ಯೋಗಿಗಳು 2013ರಲ್ಲಿ 115 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಗಮನ, ಯೋಜನೆ, ವೇಗ, ದೃಶ್ಯಸ್ಮರಣೆ, ಹೀಗೆ ಹಲವು ಕಡೆ ಗೀಳು ರೋಗಿಗಳ ಸರಾಸರಿ ಆರೋಗ್ಯವಂತರಿಗಿಂತ ಕೆಳಗಿತ್ತು, ದೃಶ್ಯಸ್ಮರಣೆಯಲ್ಲಿ ಅಂತರ ಹೆಚ್ಚಿತ್ತು, ಮಾತಿನ ಸ್ಮರಣೆಯಲ್ಲಿ ಕಡಿಮೆ. ಆದರೆ ಒಟ್ಟಾರೆ ಅಂತರ ಸಾಧಾರಣದ್ದು. ಹೆಚ್ಚಿನ ರೋಗಿಗಳ ಸಾಮರ್ಥ್ಯ ಸಾಮಾನ್ಯ ಮಿತಿಯೊಳಗೇ ಇದೆ. ಪರೀಕ್ಷಾ ಕೊಠಡಿಯಲ್ಲಿ ಕೂತವನ ಮನಸ್ಸು ಎಲ್ಲಿದೆ ಎಂಬುದೂ ಮುಖ್ಯ. ಪೆನ್ಸಿಲು ಮುಟ್ಟಿದ ಕೈ ಕೊಳೆಯಾಯಿತೇ, ಎರಡನೆಯ ಗೆರೆ ಸರಿಯಾಗಿ ಬಂತೇ ಎಂದು ಒಳಗೊಳಗೇ ವ್ಯಾಜ್ಯ ನಡೆಸುತ್ತಾ ಚಿತ್ರ ಬರೆಯುವವನಿಗೂ ಸುಮ್ಮನೆ ಬರೆಯುವವನಿಗೂ ಒಂದೇ ಅಂಕ ಬರಬೇಕೆಂದು ಬಯಸುವುದು ನ್ಯಾಯವಲ್ಲ. ಪಿಯುಸಿ ಓದುವ ಹುಡುಗಿ ಒಂದೇ ಪುಟವನ್ನು ‘ಅರ್ಥವಾಯಿತೇ’ ಎಂದು ಹದಿನೈದು ಸಲ ಓದಿ ಕೊನೆಗೆ ಒಂದಕ್ಷರವೂ ತಲೆಗೆ ಹೋಗಲಿಲ್ಲ ಎಂದು ಅಳುವಾಗ ಅವಳ ಬುದ್ಧಿ ಕಡಿಮೆಯಾಗಿರುವುದಿಲ್ಲ. ಬುದ್ಧಿಯ ಬಹುಪಾಲು ಕಾವಲಿಗೆ ನಿಂತಿರುತ್ತದೆ.

ಇನ್ನೂ ಕಠಿಣವಾದ ಆಕ್ಷೇಪ ನಮ್ಮ ರಾಜ್ಯದಲ್ಲೇ ನಡೆದ ಕೆಲಸದಿಂದ ಬರುತ್ತದೆ. 1974ರಲ್ಲಿ ಈಗಿನ ರೂಪಕ್ಕೆ ಬಂದ ನಿಮ್ಹಾನ್ಸ್‌ನಲ್ಲಿ ಗೀಳು ಕಾಯಿಲೆಗೆಂದೇ ಪ್ರತ್ಯೇಕ ಚಿಕಿತ್ಸಾಲಯವಿದೆ. ಅಲ್ಲಿ ದಶಕಗಳ ಕಾಲ ಈ ಕೆಲಸ ನಡೆಸಿದ ವೈ.ಸಿ. ಜನಾರ್ದನ ರೆಡ್ಡಿ ಅವರೊಂದಿಗೆ ನರೇನ್ ರಾವ್ ಮುಂತಾದವರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಕಾಯಿಲೆಯಿಂದ ಗುಣವಾದವರನ್ನು ತೆಗೆದುಕೊಂಡಿತು. ಮನೋರೋಗಗಳ ಬಗ್ಗೆ ಕನ್ನಡದಲ್ಲಿ ಬರೆದು ಮನೆಮನೆಗೆ ಪರಿಚಿತರಾದ ಸಿ.ಆರ್. ಚಂದ್ರಶೇಖರ್ ಅವರೂ ಇದರ ಲೇಖಕರಲ್ಲೊಬ್ಬರು. ಈಗ ಗೀಳೂ ಇಲ್ಲ, ಪರೀಕ್ಷಿಸುವ ಚಾಳಿಯೂ ಇಲ್ಲ. ಹಾಗಿದ್ದರೆ ಕೊರತೆ ಮಾಯವಾಗಿರಬೇಕಿತ್ತು. ಆಗಿರಲಿಲ್ಲ. ಒಂದು ನಿಯಮದಿಂದ ಇನ್ನೊಂದಕ್ಕೆ ಹೊರಳುವುದು, ಕೈ ಹೊರಟ ಉತ್ತರವನ್ನು ತಡೆಯುವುದು, ದೃಶ್ಯಸ್ಮರಣೆ ಇವುಗಳಲ್ಲಿ ಅವರು ಇನ್ನೂ ಸ್ವಲ್ಪ ಹಿಂದಿದ್ದರು. ಮರುವರ್ಷ ಬಿಜು ವಿಶ್ವನಾಥ್ ಮತ್ತು ಅದೇ ತಂಡ ರೋಗಿಗಳ ಕಾಯಿಲೆಯಿಲ್ಲದ ಒಡಹುಟ್ಟಿದವರನ್ನು ಪರೀಕ್ಷಿಸಿತು. ನಾಲ್ಕು ಕಟ್ಟು ಎಲೆಗಳಲ್ಲಿ ಯಾವುದು ಕೊನೆಗೆ ಲಾಭ ತರುತ್ತದೆಂದು ಕಲಿಯಬೇಕಾದ ಆಟದಲ್ಲಿ, ಒಮ್ಮೆ ಎಡಕ್ಕೆ ಸಿಕ್ಕಿದ್ದು ಮರುಸಲ ಬಲಕ್ಕೆ ಸಿಗುವಾಗ ಹಳೆಯ ಆಯ್ಕೆಯನ್ನು ಬಿಟ್ಟುಕೊಡಬೇಕಾದ ಪರೀಕ್ಷೆಯಲ್ಲಿ ಅವರೂ ಹಿಂದುಳಿದರು. ಹಾಗಾದರೆ ಕೊರತೆ ಹುಟ್ಟಿನಿಂದಲೇ ಬಂದದ್ದು, ಪರೀಕ್ಷಿಸುವುದು ಅದರ ಫಲ ಎನ್ನಬೇಕಲ್ಲವೇ?

ಈ ಸಾಕ್ಷ್ಯವನ್ನು ಒಪ್ಪಿಕೊಂಡೇ ಉತ್ತರಿಸಬೇಕು. ಗೀಳು ಕಾಯಿಲೆಗೆ ವಂಶದ ಪಾಲಿದೆ. ಹಣೆಯ ಹಿಂದಿನ ಮೆದುಳಿಗೂ ಆಳದ ಸ್ಟ್ರೈಯೇಟಂ ಎಂಬ ಭಾಗಕ್ಕೂ ನಡುವೆ ಇರುವ ಸುತ್ತುದಾರಿಗಳಲ್ಲಿ ತೊಡಕಿದೆ ಎಂಬುದಕ್ಕೆ ಸಾಕಷ್ಟು ಆಧಾರವಿದೆ. ಆದರೆ ಒಡಹುಟ್ಟಿದವರಲ್ಲಿ ಕಂಡ ಕೊರತೆ ಯಾವುದು? ನೆನಪಿನದಲ್ಲ, ಹಿಡಿದದ್ದನ್ನು ಬಿಟ್ಟು ಹೊರಳುವುದರದು. ಮತ್ತು ಅದನ್ನು ಹೊತ್ತ ಆ ಒಡಹುಟ್ಟಿದವರು ಬೀಗ ಜಗ್ಗುತ್ತಾ ನಿಂತಿಲ್ಲ, ಮರೆವೆಂದು ದೂರುತ್ತಿಲ್ಲ, ಸಂಸಾರ ಮಾಡಿಕೊಂಡಿದ್ದಾರೆ. ಕೆರೆಯ ಏರಿಯಲ್ಲಿ ಒಂದು ಕಡೆ ಮಣ್ಣು ಸಡಿಲವಿರುವುದು ಬೇರೆ, ಏರಿ ಒಡೆಯುವುದು ಬೇರೆ. ಹೊರಳಲು ಕಷ್ಟಪಡುವ ಮನಸ್ಸಿಗೆ ಒಂದು ಸಂಶಯ ಬಂದರೆ ಅದು ಬೇಗ ಬಿಟ್ಟು ಹೋಗುವುದಿಲ್ಲ, ಆದ್ದರಿಂದ ಇನ್ನೊಮ್ಮೆ ನೋಡುವ ಸಂಭವ ಹೆಚ್ಚು. ಇನ್ನೊಮ್ಮೆ ನೋಡಿದ್ದರಿಂದ ನೆನಪಿನ ಮೇಲಿನ ಭರವಸೆ ಸವೆಯುತ್ತದೆ. ಸವೆದ ಭರವಸೆ ಮತ್ತೆ ನೋಡಿಸುತ್ತದೆ. ಇದಕ್ಕೆ ‘ಅನಾಹುತವಾದರೆ ಹೊಣೆ ನನ್ನದೇ’ ಎಂಬ ಉಬ್ಬಿದ ಜವಾಬ್ದಾರಿ ಸೇರಿಕೊಳ್ಳುತ್ತದೆ. 1985ರಲ್ಲಿ ಪಾಲ್ ಸಾಲ್ಕೋವ್‌ಸ್ಕಿಸ್ ಈ ಕಾಯಿಲೆಯ ಯೋಚನಾಕ್ರಮದ ಕೇಂದ್ರದಲ್ಲಿಟ್ಟದ್ದು ಇದನ್ನೇ. ಗುಣವಾದವರಲ್ಲಿ ಉಳಿದ ದೃಶ್ಯಸ್ಮರಣೆಯ ಕೊರತೆಯೂ ಬಿಡಿಬಿಡಿಯಾಗಿ ನೋಡುವ ಅದೇ ಅಭ್ಯಾಸದ ಶೇಷವೆಂದು ನೋಡುವುದು ಹೆಚ್ಚು ಸರಿಯೆನಿಸುತ್ತದೆ. ಮುಖ್ಯವಾಗಿ, ಅವರು ಗುಣವಾಗಿದ್ದರು. ಅಂಕಗಳು ಪೂರ್ತಿ ಏರದೆಯೂ ಕಾಯಿಲೆ ಹೋಗಬಲ್ಲದು ಎಂಬುದೇ, ಆ ಅಂಕಗಳ ಕೊರತೆ ಕಾಯಿಲೆಯ ಬೇರಲ್ಲ ಎಂಬುದಕ್ಕೆ ಬಲವಾದ ಸೂಚನೆ.

ಚಿತ್ರದುರ್ಗ ಜಿಲ್ಲೆಯ ಈ ಭಾಗದಲ್ಲಿ ಬೇರೊಂದು ಬಗೆಯ ಆಕ್ಷೇಪ ಕೇಳಿಬರಬಹುದು: ತೊಳೆಯುವುದು, ಮುಟ್ಟದಿರುವುದು, ದೂರ ಇರುವುದು ಇಲ್ಲಿನ ಆಚಾರವೇ ಅಲ್ಲವೇ, ಇದರಲ್ಲಿ ಕಾಯಿಲೆ ಎಲ್ಲಿಂದ ಬಂತು? ಮ್ಯಾಸಬೇಡರಲ್ಲೂ ಕಾಡುಗೊಲ್ಲರ ಹಟ್ಟಿಗಳಲ್ಲೂ ಮುಟ್ಟು, ಬಾಣಂತನ, ಸೂತಕಗಳ ಕಟ್ಟುಪಾಡು ಬಿಗಿಯಾದದ್ದು. ಹೆಣ್ಣುಮಕ್ಕಳನ್ನು ಹಟ್ಟಿಯಾಚೆ ಇರಿಸುವ ಪದ್ಧತಿ ತರುವ ಸಂಕಟ ದೊಡ್ಡದು, ಅದನ್ನು ಅದರದೇ ನೆಲೆಯಲ್ಲಿ ಪ್ರಶ್ನಿಸಬೇಕು. ಆದರೆ ಅದು ಗೀಳು ಕಾಯಿಲೆಯಲ್ಲ. ಆಚಾರಕ್ಕೆ ಕೊನೆ ಎಂಬುದಿದೆ. ಇಷ್ಟು ದಿನ, ಒಂದು ಸ್ನಾನ, ನೀರು ಚಿಮುಕಿಸಿದರೆ ಮುಗಿಯಿತು. ಮುಗಿಯಿತೆಂದು ಊರೂ ಒಪ್ಪುತ್ತದೆ, ಮಾಡಿದವರ ಮನಸ್ಸೂ ಒಪ್ಪುತ್ತದೆ. ಕಾಯಿಲೆಯಲ್ಲಿ ಮನಸ್ಸು ಒಪ್ಪುವುದಿಲ್ಲ. ಎಷ್ಟು ಚೆಂಬು ನೀರು ಹಾಕಿಕೊಂಡೆ, ಮೂರನೆಯದು ಹಾಕುವಾಗ ಮನಸ್ಸು ಎಲ್ಲಿತ್ತು, ಹಾಕಿದ್ದು ಲೆಕ್ಕಕ್ಕೆ ಬಂತೇ ಎಂದು ಬಚ್ಚಲಿನಲ್ಲಿ ಎರಡು ಗಂಟೆ ಕಳೆಯುವವರನ್ನು ಅತ್ಯಂತ ಆಚಾರವಂತರಾದ ಅಜ್ಜಿಯೂ ‘ಇದು ಮಡಿ ಅಲ್ಲವ್ವ, ಬೇರೆ ಏನೋ’ ಎಂದು ಗುರುತಿಸಬಲ್ಲರು. ಸಂಶಯಕ್ಕೆ ಬಟ್ಟೆ ತೊಡಿಸುವುದು ಊರಿನ ಸಂಸ್ಕೃತಿ. ಒಳಗಿನ ದೇಹ ಎಲ್ಲ ಕಡೆಯೂ ಒಂದೇ.

ಈ ವಾದ ಸರಿಯಾದರೆ ಚಿಕಿತ್ಸೆಯ ದಾರಿಯೂ ಬದಲಾಗುತ್ತದೆ. ನೆನಪಿನ ಟಾನಿಕ್ಕಿನಿಂದ ಪ್ರಯೋಜನವಿಲ್ಲ. ಬೀಗದ ಫೋಟೋ ಮೊಬೈಲಿನಲ್ಲಿ ಹೊಡೆದುಕೊಳ್ಳುವುದು, ಚೀಟಿಯಲ್ಲಿ ಗುರುತು ಹಾಕುವುದು ನಾಲ್ಕು ದಿನ ನೆಮ್ಮದಿ ಕೊಟ್ಟು ಐದನೆಯ ದಿನ ‘ಇದು ಇವತ್ತಿನ ಫೋಟೋನಾ’ ಎಂಬ ಹೊಸ ಪರೀಕ್ಷೆಯಾಗುತ್ತದೆ. ‘ಹಾಕಿದ್ನೇನಮ್ಮ?’ ಎಂದು ಕೇಳಿದಾಗಲೆಲ್ಲ ‘ಹಾಕ್ದೆ ಕಣಪ್ಪ’ ಎಂದು ತಾಯಿ ಪ್ರೀತಿಯಿಂದ ಕೊಡುವ ಉತ್ತರವೂ ಅದೇ ಕೆಲಸ ಮಾಡುತ್ತದೆ: ಮಗನ ನೆನಪಿನ ಜಾಗದಲ್ಲಿ ತಾಯಿಯ ನೆನಪು ಕೂರುತ್ತದೆ. ಕೆಲಸ ಮಾಡುವುದು ಇದಕ್ಕೆ ಎದುರಾದದ್ದು. ವಿಕ್ಟರ್ ಮೇಯರ್ 1966ರಲ್ಲಿ ಇಬ್ಬರು ರೋಗಿಗಳ ಮೇಲೆ ಮಾಡಿ ತೋರಿಸಿದ ಕ್ರಮದಿಂದ ಬೆಳೆದ ಚಿಕಿತ್ಸೆಯಲ್ಲಿ, ಅಂಜಿಕೆ ಹುಟ್ಟಿಸುವ ಸಂದರ್ಭವನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸಿ, ಒಂದೇ ಸಲ ಬೀಗ ಹಾಕಿ, ತಿರುಗಿ ನೋಡದೆ, ಆ ಕಳವಳ ತಾನೇ ಇಳಿಯುವವರೆಗೆ ತಡೆದುಕೊಳ್ಳುವುದನ್ನು ಕಲಿಸುತ್ತಾರೆ. ಒಂದೇ ಸಲ ಹಾಕಿದ ಬೀಗದ ನೆನಪು ಗುಡಿಸಿದ ಅಂಗಳದ ಹೆಜ್ಜೆಯಂತೆ ಸ್ಪಷ್ಟವಾಗಿರುತ್ತದೆ. ಫ್ಲುಆಕ್ಸೆಟಿನ್, ಸರ್ಟ್ರಾಲಿನ್‌ನಂಥ ಮಾತ್ರೆಗಳೂ ನೆರವಾಗುತ್ತವೆ. ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಾಗುವುದುಂಟು, ಫಲ ತಿಳಿಯಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಮಾತ್ರೆಯಿಂದಲೇ ಮರೆವು ಬರುವುದಿಲ್ಲವೇ ಎಂಬ ಅಂಜಿಕೆಗೆ ಸ್ವಲ್ಪ ಆಧಾರವಿದೆ: ಹಳೆಯ ಕ್ಲೋಮಿಪ್ರಮಿನ್ ಮತ್ತು ನಿದ್ದೆಗೆ, ಗಾಬರಿಗೆ ಕೊಡುವ ಕೆಲವು ಮಾತ್ರೆಗಳು ನೆನಪನ್ನು ಮಂಕು ಮಾಡಬಲ್ಲವು. ಅದನ್ನು ವೈದ್ಯರಿಗೆ ಹೇಳಿ ಬದಲಿಸಿಕೊಳ್ಳಬೇಕು, ತಾವಾಗಿ ನಿಲ್ಲಿಸಬಾರದು. ಇಳಿವಯಸ್ಸಿನಲ್ಲಿ ಮೊದಲ ಬಾರಿಗೆ ಇಂಥ ಲಕ್ಷಣ ಕಂಡರೆ, ಅಥವಾ ಹಾದಿ, ಹೆಸರು, ಮನೆಯವರ ಗುರುತೇ ತಪ್ಪತೊಡಗಿದರೆ ಅದು ಬೇರೆ ಪರೀಕ್ಷೆ ಬೇಡುವ ಮರೆವು.

ಹಳ್ಳಿಗೆ ಈ ತಿಳಿವಳಿಕೆ ತಲುಪುವ ದಾರಿ ಕರ್ನಾಟಕದಲ್ಲಿ ಹೊಸದೇನಲ್ಲ. ಮೊಳಕಾಲ್ಮುರಿಗೆ ತಾಗಿಕೊಂಡಿರುವ ಬಳ್ಳಾರಿ ಜಿಲ್ಲೆಯಲ್ಲಿ 1985ರಲ್ಲಿ ನಿಮ್ಹಾನ್ಸ್, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಊರ ಬಾಗಿಲಿಗೆ ತಂದಿತು. 1996ರಲ್ಲಿ ದೇಶಮಟ್ಟದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಆ ಬಳ್ಳಾರಿ ಪ್ರಯೋಗ. ಅಂದು ಆದ್ಯತೆ ಸಿಕ್ಕಿದ್ದು ಎದ್ದು ಕಾಣುವ ತೀವ್ರ ಮನೋರೋಗಗಳಿಗೆ ಮತ್ತು ಮೂರ್ಛೆರೋಗಕ್ಕೆ. ಬಾಗಿಲು ಹಾಕಿಕೊಂಡು ಕೈ ತೊಳೆಯುವ, ಯಾರಿಗೂ ತೊಂದರೆ ಕೊಡದ, ನಾಚಿಕೆಯಿಂದ ಬಾಯಿ ಬಿಡದ ಗೀಳು ರೋಗಿ ಹಿಂದೆಯೇ ಉಳಿದ. ಈಗ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ಮನೋವೈದ್ಯರು ಬರುವ ಏರ್ಪಾಡಿದೆ. ಅಲ್ಲಿ ‘ಮರೆವು’ ಎಂದು ಬಂದವರನ್ನು ‘ಎಷ್ಟು ಸಲ ತಿರುಗಿ ನೋಡುತ್ತೀರಿ?’ ಎಂದು ಇನ್ನೊಂದು ಪ್ರಶ್ನೆ ಕೇಳಿದರೆ ಸಾಕು, ಬಹಳ ಮಂದಿಯ ಗುಟ್ಟು ಹೊರಬರುತ್ತದೆ. ಅಷ್ಟು ದೂರವೂ ಹೋಗಲಾಗದವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಇದೆ: 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.